ಅನುಮತಿಗಾಗಿ ಕಾದು ನಿಂತ ಅನ್ನ

2023ರ ಏಪ್ರಿಲ್ ತಿಂಗಳಲ್ಲಿ, ಅದುವರೆಗೆ ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇರದ ಊರೊಂದರ ಹೆಸರು ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಎಲ್ ಫಾಶರ್. ಸುಡಾನ್ ದೇಶದ ಪಶ್ಚಿಮಕ್ಕಿರುವ ದಾರ್ಫರ್ ಪ್ರಾಂತದ ಪಟ್ಟಣ. ಗಿಡಮೂಲಿಕೆಯ ಔಷಧಿ, ತೈಲಗಳನ್ನು ಮಾರಲು ಹೋಗಿದ್ದ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಸಮುದಾಯದ ಹಲವರು, ಅಲ್ಲಿ ಏಕಾಏಕಿ ಹೊತ್ತಿಕೊಂಡ ಯುದ್ಧದ ನಡುವೆ ಸಿಕ್ಕಿಬಿದ್ದಿದ್ದರು. ಮನೆಯಿಂದ ಹೊರಗೆ ಕಾಲಿಡುವಂತಿಲ್ಲ, ಒಳಗೆ ತಿನ್ನಲು ಏನೂ ಇಲ್ಲ ಎಂಬ ಅವರ ಮೊರೆ ನಮ್ಮನ್ನು ತಟ್ಟಿತು. ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಭಾರತ ಸರ್ಕಾರ ಸುಡಾನಿನಿಂದ 3,800ಕ್ಕೂ ಹೆಚ್ಚು ಮಂದಿಯನ್ನು ಕರೆತಂದಿತು. ನಮ್ಮವರು ಬಂದರು. ಸಂತೋಷವಾಯಿತು. ಅಲ್ಲಿಗೆ ಎಲ್ ಫಾಶರ್ ನಮ್ಮ ಪತ್ರಿಕೆಗಳಿಂದಲೂ ಮನಸ್ಸಿನಿಂದಲೂ ಮರೆಯಾಯಿತು.

ಊರು ಮಾತ್ರ ಅಲ್ಲಿಯೇ ಇತ್ತು. ನಮ್ಮವರಿಗೆ ಬಾಡಿಗೆ ಮನೆ ಕೊಟ್ಟವರು, ಅವರಿಂದ ತೈಲ ಕೊಂಡವರು, ಪಕ್ಕದ ಮನೆಯ ಮಕ್ಕಳು, ಎಲ್ಲರೂ ಅಲ್ಲಿಯೇ ಇದ್ದರು. 2024ರ ಬೇಸಿಗೆಯಿಂದ ಆ ಪಟ್ಟಣವನ್ನು ಆರ್‌ಎಸ್‌ಎಫ್ ಎಂಬ ಅರೆಸೈನಿಕ ಪಡೆ ಮುತ್ತಿತು. ಮುತ್ತಿಗೆ ಹದಿನೆಂಟು ತಿಂಗಳಷ್ಟು ಕಾಲ ನಡೆಯಿತು. ಕೊನೆಯ ತಿಂಗಳುಗಳಲ್ಲಿ ಊರಿನ ಸುತ್ತ ಮೂವತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಮಣ್ಣಿನ ಒಡ್ಡು ಎದ್ದಿತು. ಒಳಗಿದ್ದವರು ‘ಅಂಬಾಜ್’ ತಿಂದು ಬದುಕಿದರು. ಅಂಬಾಜ್ ಎಂದರೆ ಕಡಲೆಕಾಯಿಯ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ. ನಮ್ಮ ಊರುಗಳಲ್ಲಿ ಅದನ್ನು ಎಮ್ಮೆಗೆ ಇಡುತ್ತೇವೆ. ಕೊನೆಗೆ ಅದೂ ತೀರಿತು. 2025ರ ಅಕ್ಟೋಬರ್ 26ರಂದು ಪಟ್ಟಣ ಆರ್‌ಎಸ್‌ಎಫ್‌ನ ವಶವಾಯಿತು. ಅದರ ಬೆನ್ನಿಗೇ ನಡೆದ ಹತ್ಯೆಗಳ ಸುದ್ದಿ ಜಗತ್ತನ್ನು ಒಂದು ವಾರ ಕಲಕಿತು.

ಕ್ಷಾಮ ಎಂದೊಡನೆ ನಮ್ಮ ಕಣ್ಣ ಮುಂದೆ ಬಿರುಕು ಬಿಟ್ಟ ನೆಲ, ಬತ್ತಿದ ಕೆರೆ, ಮೋಡವಿಲ್ಲದ ಆಕಾಶ ಬರುತ್ತವೆ. ನಮ್ಮ ಭಾಷೆಯಲ್ಲಿ ‘ಬರ’ ಮತ್ತು ‘ಕ್ಷಾಮ’ ಎಂಬೆರಡು ಪದಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡೇ ಬರುವುದು ಇದಕ್ಕೆ ಒಂದು ಕಾರಣವಿರಬಹುದು. ಆದರೆ ಸುಡಾನ್ ಬರಡು ನಾಡಲ್ಲ. ಎರಡು ನೈಲ್ ನದಿಗಳ ನಡುವಿನ ಗೆಝೀರಾ ಆಫ್ರಿಕಾದ ದೊಡ್ಡ ನೀರಾವರಿ ಪ್ರದೇಶಗಳಲ್ಲೊಂದು. ಅಲ್ಲಿಯ ಜನರ ಮುಖ್ಯ ಆಹಾರ ಜೋಳ. ಹುಳಿ ಬರಿಸಿದ ಜೋಳದ ಹಿಟ್ಟಿನಿಂದ ತೆಳ್ಳಗೆ ಹರಡಿ ಸುಡುವ ‘ಕಿಸ್ರಾ’ ಅವರ ರೊಟ್ಟಿ. ಹಿಟ್ಟನ್ನು ತೊಳಸಿ ಮಾಡುವ ‘ಅಸೀದಾ’ ಅವರ ಮುದ್ದೆ. ಮನುಷ್ಯ ಜೋಳವನ್ನು ಮೊದಲು ಪಳಗಿಸಿದ್ದಕ್ಕೆ ದೊರೆತಿರುವ ಅತ್ಯಂತ ಹಳೆಯ ಪುರಾವೆಗಳು ಪೂರ್ವ ಸುಡಾನಿನವೇ. ವಿಜಯಪುರದ ತಟ್ಟೆಗೂ ಕಲಬುರಗಿಯ ತಟ್ಟೆಗೂ ಬಂದ ಕಾಳು ಸಾವಿರಾರು ವರ್ಷಗಳ ಹಿಂದೆ ಆ ನೆಲದಿಂದ ಹೊರಟದ್ದು. ಜೋಳದ ತವರಿನಲ್ಲಿ ಜನ ಹಿಂಡಿ ತಿಂದರು ಎಂದರೆ, ಅದಕ್ಕೆ ಮಳೆಯನ್ನು ದೂರಿ ಪ್ರಯೋಜನವಿಲ್ಲ.

ಹೊರಗಿನ ನೆರವೂ ಇರಲಿಲ್ಲವೆಂದಲ್ಲ. ಕೆಂಪು ಸಮುದ್ರದ ತೀರದ ಪೋರ್ಟ್ ಸುಡಾನಿನಲ್ಲಿ ಧಾನ್ಯ ಇಳಿಯುತ್ತಿತ್ತು. ಪಶ್ಚಿಮದಲ್ಲಿ, ಚಾಡ್ ದೇಶದ ಗಡಿಯ ಅಡ್ರೆ ಎಂಬ ಸಣ್ಣ ಊರಿನ ತನಕ ಲಾರಿಗಳು ಬರಬಲ್ಲವಾಗಿದ್ದವು. ಅಲ್ಲಿಂದ ದಾರ್ಫರ್ ಕೂಗಳತೆಯ ದೂರ. ಆದರೆ 2024ರ ಫೆಬ್ರವರಿಯಲ್ಲಿ, ಸೈನ್ಯದ ಹಿಡಿತದಲ್ಲಿರುವ ಸುಡಾನ್ ಸರ್ಕಾರ ಅಡ್ರೆಯ ದಾರಿಯನ್ನು ಬಳಸಲು ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು. ಆ ದಾರಿಯಿಂದ ಶತ್ರುವಿಗೆ ಆಯುಧ ಬರುತ್ತದೆ ಎಂಬುದು ಅದು ಕೊಟ್ಟ ಕಾರಣ. ಬದಲಿಗೆ ಉತ್ತರದ ಟೀನೆ ಎಂಬಲ್ಲಿಂದ ಹೋಗಿ ಎಂದಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರ್ಫರ್‌ನ ಹಳ್ಳಗಳು ತುಂಬಿ ಹರಿಯುತ್ತವೆ, ದಾರಿಗಳು ಕೊಚ್ಚಿಹೋಗುತ್ತವೆ. ಮಳೆಗೆ ಮುನ್ನ ದಾಟಬೇಕಿದ್ದ ಧಾನ್ಯ ಕಾಯುತ್ತಲೇ ಉಳಿಯಿತು. ಆಗಸ್ಟ್ 1ರಂದು, ಎಲ್ ಫಾಶರ್ ಬಳಿಯ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆಯೆಂದು ಅಂತರರಾಷ್ಟ್ರೀಯ ಪರಿಶೀಲನಾ ಸಮಿತಿ ದೃಢಪಡಿಸಿತು. ಅಲ್ಲಿದ್ದವರು ಸುಮಾರು ಐದು ಲಕ್ಷ. ಇದಾದ ಎರಡು ವಾರಗಳಿಗೆ ಅಡ್ರೆಯ ಗಡಿ ತೆರೆಯಿತು. ಅದೂ ಮೂರು ತಿಂಗಳ ಮಟ್ಟಿಗೆ.

ಅನುಮತಿ ಸಿಕ್ಕಿತೆಂದರೆ ಅನ್ನ ಸಿಕ್ಕಿತೆಂದಲ್ಲ. ನೆರವಿನ ಸಂಸ್ಥೆಯ ಸಿಬ್ಬಂದಿಗೆ ಮೊದಲು ವೀಸಾ ಬೇಕು. ವೀಸಾ ದೊರೆತರೆ ಪ್ರಯಾಣದ ರಹದಾರಿ ಬೇಕು. ಸರಕಿನ ಪಟ್ಟಿಗೆ ಒಪ್ಪಿಗೆ, ಲಾರಿಗಳಿಗೆ ಒಪ್ಪಿಗೆ, ಚಾಲಕರ ಹೆಸರುಗಳಿಗೆ ಒಪ್ಪಿಗೆ ಬೇಕು. ಸರ್ಕಾರದ ಕಡೆ ‘ಮಾನವೀಯ ನೆರವು ಆಯೋಗ’ವೆಂಬ ಕಚೇರಿ ಇದೆ, ಆರ್‌ಎಸ್‌ಎಫ್ ತನ್ನ ಹಿಡಿತದ ಪ್ರದೇಶಕ್ಕೆಂದು ಅಂಥದೇ ಇನ್ನೊಂದು ಸಂಸ್ಥೆಯನ್ನು ಕಟ್ಟಿಕೊಂಡಿತು. ರಣರಂಗದ ಗೆರೆ ದಾಟುವ ಲಾರಿಗೆ ಇಬ್ಬರ ಮುದ್ರೆಯೂ ಬೇಕು. ಒಬ್ಬರ ಮುದ್ರೆ ಇರುವುದೇ ಇನ್ನೊಬ್ಬರ ಕಣ್ಣಲ್ಲಿ ಅಪರಾಧ. ಇದರ ಮೇಲೆ ದಾರಿಯುದ್ದಕ್ಕೂ ಬಂದೂಕು ಹಿಡಿದ ಹುಡುಗರ ತನಿಖಾ ಠಾಣೆಗಳು. ಪ್ರತಿಯೊಂದೂ ಒಂದು ಸುಂಕದಕಟ್ಟೆ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ನಮ್ಮ ಗಾದೆಯಲ್ಲಿ ಪೂಜಾರಿ ಒಬ್ಬನೇ. ಅಲ್ಲಿ ನೂರು ಮಂದಿ.

ಈ ವಿವರಗಳನ್ನು ಓದುವಾಗ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತದೆ. ನಾನು ಇಪ್ಪತ್ತು ವರ್ಷಗಳಿಂದ ಕೇಂದ್ರ ಸರ್ಕಾರದ ನೌಕರ. ಕಡತಗಳ ನಡುವೆ ಕೂದಲು ಹಣ್ಣಾಗುತ್ತಿರುವವನು. ‘ಇಲ್ಲ’ ಎಂದು ಬರೆಯದೆಯೇ ಇಲ್ಲವೆನ್ನುವ ವಿದ್ಯೆ ನನಗೆ ಅಪರಿಚಿತವಲ್ಲ. ‘ಪರಿಶೀಲಿಸಿ ಮಂಡಿಸಿ’, ‘ಪೂರ್ಣ ವಿವರಗಳೊಂದಿಗೆ ಮರುಸಲ್ಲಿಸಿ’, ‘ಸಂಬಂಧಪಟ್ಟ ವಿಭಾಗದ ಅಭಿಪ್ರಾಯ ಪಡೆಯಿರಿ’. ಈ ವಾಕ್ಯಗಳಲ್ಲಿ ಒಂದೂ ಕ್ರೂರವಾಗಿಲ್ಲ. ಸೇವೆಗೆ ಸೇರಿದ ಹೊಸತರಲ್ಲಿ, ತೀರಿಕೊಂಡ ನೌಕರರೊಬ್ಬರ ಹೆಂಡತಿಯ ಕುಟುಂಬ ಪಿಂಚಣಿಯ ಕಡತ ನನ್ನ ಮೇಜಿಗೆ ಬಂದಿತ್ತು. ಒಂದು ದಾಖಲೆಯಲ್ಲಿ ಆಕೆಯ ಹೆಸರಿನ ಕಾಗುಣಿತಕ್ಕೂ ಇನ್ನೊಂದರಲ್ಲಿದ್ದ ಕಾಗುಣಿತಕ್ಕೂ ಒಂದು ಅಕ್ಷರದ ವ್ಯತ್ಯಾಸವಿತ್ತು. ನಾನು ಆಕ್ಷೇಪ ಬರೆದೆ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಮೇಲಧಿಕಾರಿ ಮೆಚ್ಚಿದರು ಕೂಡ. ಕಡತ ಹೋಗಿ ಬರುವಷ್ಟರಲ್ಲಿ ನಾಲ್ಕು ತಿಂಗಳಾಯಿತು. ಆ ನಾಲ್ಕು ತಿಂಗಳು ಆ ಮನೆಯಲ್ಲಿ ಒಲೆ ಹೇಗೆ ಉರಿಯಿತು ಎಂದು ನಾನು ಕೇಳಲಿಲ್ಲ. ಕೇಳುವುದು ನನ್ನ ಕೆಲಸದ ಭಾಗವೆಂದು ಅಂದು ನನಗೆ ತೋರಲೂ ಇಲ್ಲ. ಇಂದು ತೋರುತ್ತದೆ.

ನನ್ನ ಆಕ್ಷೇಪಕ್ಕೂ ಯುದ್ಧಭೂಮಿಯಲ್ಲಿ ತಡೆಹಿಡಿದ ರಹದಾರಿಗೂ ಹೋಲಿಕೆ ಸಲ್ಲದು ಎಂದು ಕೆಲವರು ಹೇಳಬಹುದು. ಉದ್ದೇಶದ ದೃಷ್ಟಿಯಿಂದ ಅವರ ಮಾತು ನಿಜ. ನನ್ನದು ಅಜಾಗರೂಕತೆ, ಅಲ್ಲಿಯದು ತಂತ್ರ. ಆದರೆ ಉಪಕರಣ ಒಂದೇ. ಆ ತಂತ್ರ ಅಷ್ಟು ಸಲೀಸಾಗಿ ಕೆಲಸ ಮಾಡುವುದಕ್ಕೆ ಕಾರಣವೂ ಇದೇ: ಜಗತ್ತು ಕಡತದ ವಿಳಂಬವನ್ನು ಹಿಂಸೆಯೆಂದು ಗುರುತಿಸುವುದಿಲ್ಲ. ಆಸ್ಪತ್ರೆಯ ಮೇಲೆ ಬಾಂಬು ಬಿದ್ದರೆ ಯಾರು ಹಾಕಿದರೆಂದು ಕೇಳುತ್ತೇವೆ. ಲಾರಿ ಗಡಿಯಲ್ಲಿ ಆರು ವಾರ ನಿಂತರೆ ‘ಮಾತುಕತೆ ನಡೆಯುತ್ತಿದೆ’ ಎಂಬ ಉತ್ತರ ಸಾಕಾಗುತ್ತದೆ. ಹಸಿವಿನಿಂದ ಸತ್ತ ಮಗುವಿನ ಸಾವಿಗೆ ಸಹಿ ಹಾಕಿದವರು ಯಾರೂ ಇರುವುದಿಲ್ಲ. ಸಹಿ ಹಾಕದೆ ಇದ್ದವರು ಮಾತ್ರ ಇರುತ್ತಾರೆ.

2025ರ ಜೂನ್ 2ರ ರಾತ್ರಿಯ ಘಟನೆಯನ್ನು ನೋಡಿ. ವಿಶ್ವ ಆಹಾರ ಕಾರ್ಯಕ್ರಮ ಮತ್ತು ಯುನಿಸೆಫ್‌ನ ಹದಿನೈದು ಲಾರಿಗಳ ಸಾಲೊಂದು ಪೋರ್ಟ್ ಸುಡಾನಿನಿಂದ ಹೊರಟು 1,800 ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ ಅಲ್ ಕೋಮಾ ಎಂಬ ಊರಿನ ಬಳಿ ನಿಂತಿತ್ತು. ಎಲ್ ಫಾಶರ್‌ಗೆ ಇನ್ನು ಸುಮಾರು 80 ಕಿಲೋಮೀಟರ್. ಅಷ್ಟು ದೂರದಿಂದ ಬಂದದ್ದು ಅಲ್ಲಿ ನಿಂತದ್ದೇಕೆ? ಮುಂದೆ ಹೋಗುವ ಅನುಮತಿಯ ಬಗ್ಗೆ ಮಾತುಕತೆ ನಡೆಯುತ್ತಿತ್ತು. ಕಾಯುತ್ತ ನಿಂತಿದ್ದಾಗಲೇ ದಾಳಿ ನಡೆಯಿತು. ಸಾಲಿನಲ್ಲಿದ್ದ ಐವರು ಸತ್ತರು, ಲಾರಿಗಳು ಸುಟ್ಟವು. ಎರಡೂ ಪಕ್ಷಗಳು ಪರಸ್ಪರರತ್ತ ಬೆರಳು ತೋರಿದವು. ಮುಂದೆ ಆಗಸ್ಟ್ ತಿಂಗಳಲ್ಲಿ ಮೆಲ್ಲಿತ್ ಬಳಿ ಇನ್ನೊಂದು ಸಾಲಿನ ಲಾರಿಗಳಿಗೆ ಬೆಂಕಿ ಬಿತ್ತು. ಎಲ್ ಫಾಶರ್‌ನ ಮುತ್ತಿಗೆಯನ್ನು ನಿಲ್ಲಿಸಬೇಕೆಂದು ಭದ್ರತಾ ಮಂಡಳಿಯ 2736ನೆಯ ನಿರ್ಣಯ ಒತ್ತಾಯಿಸಿದ್ದು ಇದಕ್ಕೂ ಒಂದು ವರ್ಷ ಹಿಂದೆ, 2024ರ ಜೂನ್‌ನಲ್ಲಿ.

ಇದು ಹೊಸ ವಿದ್ಯೆಯೂ ಅಲ್ಲ. 1942ರಲ್ಲಿ, ಜಪಾನಿನ ಸೈನ್ಯ ಬಂದರೆ ಅದಕ್ಕೆ ಸಿಗಬಾರದೆಂದು ಬ್ರಿಟಿಷ್ ಆಡಳಿತ ಬಂಗಾಳದ ಕರಾವಳಿಯಲ್ಲಿ ಅಕ್ಕಿಯ ದಾಸ್ತಾನನ್ನು ತೆಗೆಸಿತು, ಹತ್ತು ಜನರನ್ನು ಹೊರಬಲ್ಲ ಸಾವಿರಾರು ದೋಣಿಗಳನ್ನು ವಶಪಡಿಸಿಕೊಂಡಿತು ಅಥವಾ ನಾಶಮಾಡಿತು. ದೋಣಿಯೇ ದಾರಿಯಾಗಿದ್ದ ನಾಡಿನಲ್ಲಿ ಅಕ್ಕಿ ಚಲಿಸುವುದು ನಿಂತಿತು. ಮರುವರ್ಷದ ಕ್ಷಾಮಕ್ಕೆ ಕಾರಣಗಳು ಹಲವು. ಇದು ಅವುಗಳಲ್ಲಿ ಒಂದು. 1967ರಿಂದ 1970ರವರೆಗಿನ ನೈಜೀರಿಯಾದ ಅಂತರ್ಯುದ್ಧದಲ್ಲಿ ಬಯಾಫ್ರಾ ಹಸಿಯಿತು. ಆಹಾರದ ವಿಮಾನಗಳನ್ನು ಹಗಲಲ್ಲಿ ಬಿಡುತ್ತೇವೆ, ಆದರೆ ನಾವು ತಪಾಸಣೆ ಮಾಡಬೇಕು ಎಂದಿತು ನೈಜೀರಿಯಾ. ಹಗಲಿನ ಹಾರಾಟದ ಮರೆಯಲ್ಲಿ ಶತ್ರು ನುಗ್ಗುತ್ತಾನೆ, ನಮಗೆ ಬೇಡ ಎಂದಿತು ಬಯಾಫ್ರಾದ ನಾಯಕತ್ವ. ಹೀಗಾಗಿ ಚರ್ಚುಗಳ ವಿಮಾನಗಳು ರಾತ್ರಿಯ ಕತ್ತಲಲ್ಲಿ ಊಲಿಯ ರಸ್ತೆಯ ಮೇಲಿಳಿಯುತ್ತಿದ್ದವು. 1969ರ ಜೂನ್‌ನಲ್ಲಿ ರೆಡ್‌ಕ್ರಾಸ್ ವಿಮಾನವೊಂದನ್ನು ಹೊಡೆದುರುಳಿಸಲಾಯಿತು. ಎಂ.ಎ. ತರಗತಿಯಲ್ಲಿ ಚಿನುವಾ ಅಚೆಬೆಯ ಕಾದಂಬರಿಯನ್ನು ವಸಾಹತುಶಾಹಿಯ ಪಾಠವಾಗಿ ಓದಿದ ನಮಗೆ, ಅದೇ ಅಚೆಬೆ ಬಯಾಫ್ರಾದ ಪರವಾಗಿ ದೇಶದೇಶ ಅಲೆದದ್ದನ್ನು ಯಾರೂ ಹೇಳಿಕೊಡಲಿಲ್ಲ. ಸುಡಾನಿನಲ್ಲಿಯೇ 1998ರ ಆರಂಭದಲ್ಲಿ ಖಾರ್ಟೂಮ್ ಸರ್ಕಾರ ದಕ್ಷಿಣದ ಬಹರ್ ಎಲ್ ಗಜಾಲ್ ಪ್ರಾಂತಕ್ಕೆ ನೆರವಿನ ವಿಮಾನಗಳು ಹಾರುವುದನ್ನು ನಿಷೇಧಿಸಿತ್ತು; ಆ ವರ್ಷ ಅಲ್ಲಿ ಸಾವಿರಾರು ಜನ ಹಸಿವಿಗೆ ಬಲಿಯಾದರು.

ನೆಲದ ದಾರಿ ಮುಚ್ಚಿದರೆ ಆಕಾಶದಿಂದ ಹಾಕಬಾರದೇ ಎಂದು ಕೇಳುವವರುಂಟು. ಇದಕ್ಕೆ ನಮ್ಮದೇ ಒಂದು ನಿದರ್ಶನವಿದೆ. 1987ರ ಜೂನ್ 3ರಂದು ಜಾಫ್ನಾದ ಜನರಿಗೆಂದು ಭಾರತ ಕಳಿಸಿದ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ಹಿಂದಕ್ಕೆ ಕಳಿಸಿತು. ಮರುದಿನ ಐದು ಎಎನ್-32 ವಿಮಾನಗಳು ಬೆಂಗಳೂರಿನಿಂದ ಹಾರಿ, ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ, ಜಾಫ್ನಾದ ಮೇಲೆ ಸುಮಾರು 25 ಟನ್ ಆಹಾರ ಮತ್ತು ಔಷಧಿಯನ್ನು ಇಳಿಬಿಟ್ಟವು. ಅದು ರಾಜಕೀಯವಾಗಿ ದೊಡ್ಡ ಸಂದೇಶ. ಎರಡು ತಿಂಗಳೊಳಗೆ ಒಪ್ಪಂದವೂ ಆಯಿತು. ಆದರೆ 25 ಟನ್ ಎಂದರೆ ಒಂದು ದೊಡ್ಡ ಲಾರಿಯ ಹೊರೆ. ಲಕ್ಷಾಂತರ ಜನರಿರುವ ಪರ್ಯಾಯದ್ವೀಪಕ್ಕೆ ಅದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. 2024ರ ಮಾರ್ಚ್‌ನಲ್ಲಿ ಗಾಜಾದ ಮೇಲೆ ಇಳಿಬಿಟ್ಟ ಆಹಾರದ ಪೆಟ್ಟಿಗೆಗಳ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ, ಅವುಗಳಿಗಾಗಿ ಕೆಳಗೆ ಕಾದು ನಿಂತವರೇ ಸತ್ತರು. ಮೇಲಿನಿಂದ ಬಿದ್ದ ಆಹಾರ ಬಲವಿದ್ದವನ ಕೈಗೆ ಸೇರುತ್ತದೆ. ಓಡಲಾರದ ಮುದುಕಿಗೂ ಮಗುವನ್ನೆತ್ತಿಕೊಂಡ ತಾಯಿಗೂ ಅಲ್ಲ. ರಸ್ತೆ, ಲಾರಿ, ಗೋದಾಮು, ಹೆಸರಿನ ಪಟ್ಟಿ, ತೂಕದ ಬಟ್ಟಲು: ಈ ಸಾಧಾರಣ ವಸ್ತುಗಳಿಗೆ ಪರ್ಯಾಯವಿಲ್ಲ.

ತಡೆಯುವವರ ಕಡೆಗೂ ವಾದಗಳಿವೆ. ಅವನ್ನು ಕೇಳದೆ ತೀರ್ಪು ಹೇಳುವುದು ಸರಿಯಲ್ಲ. ಮೊದಲನೆಯದು, ಆಹಾರ ಸೈನಿಕನ ಹೊಟ್ಟೆ ಸೇರುತ್ತದೆ ಎಂಬುದು. ಇದು ಸುಳ್ಳಲ್ಲ. 2023ರ ಡಿಸೆಂಬರ್‌ನಲ್ಲಿ ಗೆಝೀರಾದ ವಾದ್ ಮದನಿ ಆರ್‌ಎಸ್‌ಎಫ್ ಕೈಗೆ ಹೋದಾಗ ಅಲ್ಲಿಯ ವಿಶ್ವ ಆಹಾರ ಕಾರ್ಯಕ್ರಮದ ಗೋದಾಮು ಲೂಟಿಯಾಯಿತು. ಹದಿನೈದು ಲಕ್ಷ ಜನರಿಗೆ ಒಂದು ತಿಂಗಳಿಗಾಗುವಷ್ಟು ಆಹಾರ ಹೋಯಿತು. ಇಥಿಯೋಪಿಯಾದಲ್ಲಿ 2023ರಲ್ಲಿ ದೊಡ್ಡ ಪ್ರಮಾಣದ ಕಳ್ಳತನ ಕಂಡುಬಂದಾಗ ವಿಶ್ವ ಆಹಾರ ಕಾರ್ಯಕ್ರಮವೂ ಅಮೆರಿಕವೂ ನೆರವನ್ನು ತಿಂಗಳುಗಟ್ಟಲೆ ನಿಲ್ಲಿಸಿದವು. ಆದರೆ ಆ ನಿಲುಗಡೆಯ ಬೆಲೆ ತೆತ್ತವರು ಯಾರು? ಕದ್ದವರಲ್ಲ, ಟಿಗ್ರೇಯ ಶಿಬಿರಗಳಲ್ಲಿದ್ದವರು. ಬಂದೂಕು ಇದ್ದವನು ಕೊನೆಯವರೆಗೂ ಉಣ್ಣುತ್ತಾನೆ. ಮುತ್ತಿಗೆಯಲ್ಲಿ ಮೊದಲು ಸಾಯುವುದು ಮಕ್ಕಳು, ಕೊನೆಗೆ ಸಾಯುವುದು ಸೈನಿಕರು. ಆಹಾರ ವಿರಳವಾದಷ್ಟೂ ಅದು ಕದಿಯಲು ಹೆಚ್ಚು ಲಾಭದ ವಸ್ತುವಾಗುತ್ತದೆ. ಎಲ್ಲೆಡೆ ಸಿಗುವಂತಾದರೆ ಕಳ್ಳಸಂತೆಯ ಬೆಲೆ ಇಳಿಯುತ್ತದೆ. ಆದ್ದರಿಂದ ಸೋರಿಕೆಗೆ ಮದ್ದು ಹೆಚ್ಚು ಆಹಾರವೇ ಹೊರತು ಕಡಿಮೆ ಆಹಾರವಲ್ಲ.

ಎರಡನೆಯದು ಸಾರ್ವಭೌಮತ್ವದ ವಾದ. ಇದು ನಮ್ಮಂಥ ದೇಶದವರಿಗೆ ಹಗುರಾಗಿ ತಳ್ಳಿಹಾಕಲಾಗದ್ದು. ಮಾನವೀಯತೆಯ ಹೆಸರಿನಲ್ಲಿ ಬಂದ ಹಡಗುಗಳು ಇನ್ನೇನನ್ನೋ ಹೊತ್ತು ತಂದ ಚರಿತ್ರೆ ನಮಗೆ ಗೊತ್ತು. ಜಾಫ್ನಾದ ಉದಾಹರಣೆಯನ್ನು ಶ್ರೀಲಂಕಾದವರು ನಮ್ಮ ವಿರುದ್ಧವೇ ಹೇಳುತ್ತಾರೆ, ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಸಾರ್ವಭೌಮತ್ವವೆಂದರೆ ಪ್ರಜೆಗಳನ್ನು ಕಾಯುವ ಹೊಣೆ. ಅವರನ್ನು ಹಸಿವಿಗೆ ಒಡ್ಡುವ ಹಕ್ಕಲ್ಲ. 1949ರ ನಾಲ್ಕನೆಯ ಜಿನೀವಾ ಒಪ್ಪಂದ ಹದಿನೈದು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿ, ಬಾಣಂತಿಯರಿಗೂ ಬೇಕಾದ ಆಹಾರಕ್ಕೆ ದಾರಿ ಬಿಡಬೇಕೆಂದಿತು. ಸರಕು ಶತ್ರುವಿನ ಪಾಲಾಗುವ ಭಯಕ್ಕೆ ಗಂಭೀರ ಕಾರಣವಿರಬಾರದು ಎಂಬ ಷರತ್ತನ್ನೂ ಇಟ್ಟಿತು. ಆ ಷರತ್ತಿನ ಸಂದಿಯಲ್ಲಿಯೇ ಎಷ್ಟೋ ಲಾರಿಗಳು ಸಿಕ್ಕಿಕೊಂಡವು. 1977ರ ಹೆಚ್ಚುವರಿ ಒಡಂಬಡಿಕೆಗಳು ನಾಗರಿಕರನ್ನು ಉಪವಾಸ ಕೆಡಹುವುದನ್ನು ಯುದ್ಧತಂತ್ರವಾಗಿ ಬಳಸುವುದನ್ನೇ ನಿಷೇಧಿಸಿದವು. 2018ರ ಮೇ ತಿಂಗಳಲ್ಲಿ ಭದ್ರತಾ ಮಂಡಳಿ 2417ನೆಯ ನಿರ್ಣಯದಲ್ಲಿ ಅದನ್ನೇ ಖಂಡಿಸಿತು. ಕಾನೂನಿಗೆ ಕೊರತೆಯಿಲ್ಲ. ಕೊರತೆಯಿರುವುದು ಗಡುವಿಗೆ.

ಇದು ನನ್ನ ಮುಖ್ಯ ಮಾತು. ಆಡಳಿತದಲ್ಲಿ ಇರುವ ಯಾರಿಗಾದರೂ ಗೊತ್ತು: ಗಡುವಿಲ್ಲದ ಅರ್ಜಿ ಎಂದರೆ ತಿರಸ್ಕೃತ ಅರ್ಜಿ. ಈಚೆಗೆ ನಮ್ಮಲ್ಲಿ ಹಲವು ಸೇವೆಗಳಿಗೆ ‘ಇಷ್ಟು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ದೊರೆತಂತೆಯೇ’ ಎಂಬ ನಿಯಮ ಬಂದಿದೆ. ಕಟ್ಟಡದ ನಕ್ಷೆಗೆ ಸಲ್ಲುವ ಈ ನ್ಯಾಯ ಹಸಿದವನ ಅನ್ನಕ್ಕೆ ಏಕೆ ಸಲ್ಲಬಾರದು? ಇದು ಕೇವಲ ಕನಸಲ್ಲ. 2014ರ ಜುಲೈನಲ್ಲಿ ಭದ್ರತಾ ಮಂಡಳಿ ತನ್ನ 2165ನೆಯ ನಿರ್ಣಯದಿಂದ ಸಿರಿಯಾದ ನಾಲ್ಕು ಗಡಿದಾರಿಗಳ ಮೂಲಕ ನೆರವು ಸಾಗಿಸಲು ಸರ್ಕಾರದ ಅನುಮತಿ ಬೇಕಿಲ್ಲ, ತಿಳಿವಳಿಕೆ ಪತ್ರ ಸಾಕು ಎಂದಿತು. ಲಾರಿಗಳ ತಪಾಸಣೆಯನ್ನು ವಿಶ್ವಸಂಸ್ಥೆಯೇ ಮಾಡುವ ವ್ಯವಸ್ಥೆಯಾಯಿತು. ವರ್ಷಗಳ ಕಾಲ ಲಕ್ಷಾಂತರ ಜನ ಆ ಒಂದು ಪದದ ಬದಲಾವಣೆಯಿಂದ ಉಂಡರು. ಅನುಮತಿಯ ಜಾಗದಲ್ಲಿ ತಿಳಿವಳಿಕೆ. 2020ರ ಹೊತ್ತಿಗೆ, ನಿಷೇಧಾಧಿಕಾರದ ಜಗ್ಗಾಟದಲ್ಲಿ, ನಾಲ್ಕು ದಾರಿಗಳು ಒಂದಕ್ಕೆ ಇಳಿದವು. 2023ರಲ್ಲಿ ಆ ನಿರ್ಣಯದ ಅವಧಿಯೇ ತೀರಿತು. ಸುಡಾನಿಗಂತೂ ಅಂಥ ನಿರ್ಣಯ ಬರಲೇ ಇಲ್ಲ. ನಮ್ಮ ದೇಶದ ವಿದೇಶಾಂಗ ನೀತಿ ಏನಾಗಿರಬೇಕೆಂದು ಹೇಳುವ ಸ್ಥಾನದಲ್ಲಿ ನಾನಿಲ್ಲ. ಇಲ್ಲಿಯದು ಒಬ್ಬ ಓದುಗನ ಖಾಸಗಿ ಅಭಿಪ್ರಾಯ. ಆದರೆ ನೆರೆದೇಶದ ಅನುಮತಿಗಾಗಿ ಕಾದು, ಕೊನೆಗೆ 2022ರ ಫೆಬ್ರವರಿಯಲ್ಲಿ ಅಟಾರಿಯ ಗಡಿಯಿಂದ ಅಫ್ಘಾನಿಸ್ತಾನಕ್ಕೆ ಗೋಧಿಯ ಲಾರಿಗಳನ್ನು ಕಳಿಸಿದ ದೇಶಕ್ಕೆ, ಕಾಯುವುದೆಂದರೇನೆಂದು ಇತರರಿಗಿಂತ ಚೆನ್ನಾಗಿ ಗೊತ್ತಿರಬೇಕು.

ಇನ್ನೊಂದು ಮಾತನ್ನು ಹೇಳದಿದ್ದರೆ ಚಿತ್ರ ಅಪೂರ್ಣ. ದೊಡ್ಡ ಸಂಸ್ಥೆಗಳು ಗಡಿಯಲ್ಲಿ ನಿಂತಿದ್ದಾಗ ಸುಡಾನಿನ ಜನರೇ ತಮ್ಮ ಕೇರಿಗಳಲ್ಲಿ ‘ತುರ್ತು ಸ್ಪಂದನ ಕೊಠಡಿ’ಗಳನ್ನು ಕಟ್ಟಿಕೊಂಡರು. ಹುಡುಗರು, ಹೆಂಗಸರು, ಶಿಕ್ಷಕರು ಸೇರಿ ಸಾಮೂಹಿಕ ಅಡುಗೆಮನೆಗಳನ್ನು ನಡೆಸಿದರು. ದೊಡ್ಡ ಹಂಡೆಯಲ್ಲಿ ಬೇಯಿಸಿದ ಕಾಳು, ಸಾಲಿನಲ್ಲಿ ಪಾತ್ರೆ ಹಿಡಿದ ಮಕ್ಕಳು. ಎರಡೂ ಸೈನ್ಯಗಳು ಅವರನ್ನು ಸಂಶಯದಿಂದ ಕಂಡವು. ಬಂಧನಕ್ಕೊಳಗಾದವರು, ಪ್ರಾಣ ಕಳೆದುಕೊಂಡವರು ಅವರಲ್ಲಿದ್ದಾರೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಇಂಥ ನೂರಾರು ಅಡುಗೆಮನೆಗಳ ಒಲೆ ಆರಿತು. ಅಲ್ಲಿ ಯಾರೂ ಬಾಂಬು ಹಾಕಲಿಲ್ಲ. ದೂರದ ರಾಜಧಾನಿಯೊಂದರಲ್ಲಿ ಒಂದು ಆದೇಶ ಹೊರಟಿತು, ಅಷ್ಟೆ. ಅನ್ನದ ದಾರಿಯಲ್ಲಿ ಹಗೆಯೊಬ್ಬನೇ ಅಡ್ಡಿಯಲ್ಲ, ದಾನಿಯೂ ಅಡ್ಡಿಯಾಗಬಲ್ಲ.

ದಾಸೋಹವೆಂಬ ಪದವನ್ನು ಕೊಟ್ಟ ನುಡಿ ನಮ್ಮದು. ದೆಹಲಿಯಲ್ಲಾಗಲಿ ಮುಂಬಯಿಯಲ್ಲಾಗಲಿ ನಾಲ್ಕು ಕನ್ನಡಿಗರು ಸೇರಿದ ಕಡೆ ಊಟವಿಲ್ಲದೆ ಸಭೆ ಮುಗಿಯುವುದಿಲ್ಲ. ಹಕ್ಕಿಪಿಕ್ಕಿಗಳಿಗಾಗಿ ಮಿಡಿದ ನಮ್ಮ ಮನಸ್ಸು, ಅವರು ವಿಮಾನ ಇಳಿದ ಕ್ಷಣಕ್ಕೆ ಎಲ್ ಫಾಶರ್‌ನ ಕಡತವನ್ನು ಮುಚ್ಚಿಬಿಟ್ಟಿತು. ಆ ಕಡತವನ್ನು ಮತ್ತೆ ತೆರೆಯೋಣ ಎಂಬುದಷ್ಟೇ ನನ್ನ ವಿನಂತಿ. ಸುಡಾನಿನಲ್ಲಿ ಇಂದಿಗೂ ಕೋಟಿಗಟ್ಟಲೆ ಜನ ತೀವ್ರ ಹಸಿವಿನಲ್ಲಿದ್ದಾರೆ. ನಮ್ಮಿಂದ ಯುದ್ಧ ನಿಲ್ಲಿಸಲಾಗದು. ಆದರೆ ‘ಲಾರಿಗಳು ಅನುಮತಿಗಾಗಿ ಕಾಯುತ್ತಿವೆ’ ಎಂಬ ಸಾಲನ್ನು ಪತ್ರಿಕೆಯಲ್ಲಿ ಓದಿದಾಗ ಅದನ್ನು ಹವಾಮಾನ ವರದಿಯಂತೆ ದಾಟಿ ಹೋಗದೆ, ಯಾರ ಅನುಮತಿ, ಎಷ್ಟು ದಿನದಿಂದ, ಯಾವ ಕಾರಣಕ್ಕೆ ಎಂದು ಕೇಳುವುದನ್ನು ನಾವು ಕಲಿಯಬಹುದು. ನಾನು ಅದನ್ನು ಕಲಿಯಲು ತಡವಾಯಿತು. ಈಗ ನನ್ನ ಮೇಜಿಗೆ ಪಿಂಚಣಿಯ ಕಡತ ಬಂದರೆ, ಆಕ್ಷೇಪ ಬರೆಯುವ ಮೊದಲು ದೂರವಾಣಿ ಎತ್ತಿ ಆ ಮನೆಗೆ ಕರೆ ಮಾಡುತ್ತೇನೆ. ಹೆಚ್ಚಿನ ಸಲ ಆ ಒಂದು ಅಕ್ಷರ ಐದು ನಿಮಿಷದಲ್ಲಿ ಸರಿಹೋಗುತ್ತದೆ.